ಬುತ್ತಿಗಂಟು: ಊರು ಬಿಟ್ಟವರ ಊಟದ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ನಿಮ್ಮನ್ನು ಒಂದು ಮಾತು ಕೇಳಿದ್ದೆ. ಊರು ಬಿಟ್ಟ ಮೇಲೆ ಯಾವ ಊಟ ಜಾಸ್ತಿ ನೆನಪಾಗುತ್ತದೆ, ಈಗಿರುವ ಊರಿನಲ್ಲಿ ಅದನ್ನು ಹೇಗೆ ಮಾಡಿಕೊಳ್ಳುತ್ತೀರಿ ಅಂತ. ಹುಬ್ಬಳ್ಳಿಯಿಂದ ಹೋದವರೂ ಬರೆದಿದ್ದಾರೆ, ಹುಬ್ಬಳ್ಳಿಗೆ ಬಂದವರೂ ಬರೆದಿದ್ದಾರೆ. ಎಲ್ಲವನ್ನೂ ಓದಿದೆ. ಕೆಲವನ್ನು ಎರಡು ಸಲ ಓದಿದೆ. ಜಾಗ ಇರುವಷ್ಟಕ್ಕೆ ಇಲ್ಲಿ ಉತ್ತರ ಕೊಡುತ್ತಿದ್ದೇನೆ, ಉಳಿದವಕ್ಕೆ ಮುಂದಿನ ಸಲ.

ಅಕ್ಕಾರೆ, ನಾನು ಗದಗ ಜಿಲ್ಲೆಯ ರೋಣದ ಕಡೆಯವನು. ಬೆಂಗಳೂರಿನಲ್ಲಿ ಕೆಲಸ, ಇಬ್ಬರು ಗೆಳೆಯರ ಜೊತೆ ರೂಮು. ರಾತ್ರಿ ಹತ್ತಕ್ಕೆ ಬಂದು ಅನ್ನ-ಸಾರು ತಿಂದರೆ ಹೊಟ್ಟೆ ತುಂಬುತ್ತದೆ, ಆದರೆ ಉಂಡಹಾಗೆ ಅನ್ನಿಸುವುದಿಲ್ಲ. ರೊಟ್ಟಿ ಮಾಡೋಣ ಅಂತ ಅಂಗಡಿಯಿಂದ ಜೋಳದ ಹಿಟ್ಟಿನ ಪ್ಯಾಕೆಟ್ ತಂದೆ. ತಟ್ಟಿದರೆ ಸುತ್ತಲೂ ಬಿರುಕು, ಎತ್ತಿದರೆ ಎರಡು ತುಂಡು. ಅವ್ವನ ಕೈಯಲ್ಲಿ ಬರುವುದು ನನ್ನ ಕೈಯಲ್ಲಿ ಯಾಕೆ ಬರುವುದಿಲ್ಲ?

ತಮ್ಮಾ, ತಪ್ಪು ನಿನ್ನ ಕೈಯದಲ್ಲ, ಮುಕ್ಕಾಲು ಪಾಲು ಹಿಟ್ಟಿನದು. ಗೋಧಿಯಲ್ಲಿ ಗ್ಲುಟೆನ್ ಅಂತ ಒಂದು ಅಂಟು ಇರುತ್ತದೆ. ನಾದಿದಷ್ಟೂ ಅದು ಹಿಟ್ಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅದಕ್ಕೇ ಚಪಾತಿ ಹೇಗೆ ಎಳೆದರೂ ಹರಿಯುವುದಿಲ್ಲ. ಜೋಳದಲ್ಲಿ ಆ ಅಂಟು ಇಲ್ಲ. ಜೋಳದ ಹಿಟ್ಟು ಒಂದಾಗಿ ನಿಲ್ಲುವುದು ಕುದಿಯುವ ನೀರಿನಿಂದ. ಎಸರು ಬಿದ್ದಾಗ ಹಿಟ್ಟಿನೊಳಗಿನ ಗಂಜಿ ಉಬ್ಬಿ ಅಂಟಾಗುತ್ತದೆ, ಆ ಅಂಟೇ ರೊಟ್ಟಿಯನ್ನು ಹಿಡಿಯುವುದು. ತಣ್ಣೀರು ಹಾಕಿ ಎಷ್ಟು ಹೊತ್ತು ನಾದಿದರೂ ಬಿರುಕು ತಪ್ಪುವುದಿಲ್ಲ.

ಎರಡನೆಯದು, ಹಿಟ್ಟಿನ ವಯಸ್ಸು. ಜೋಳದ ಹಿಟ್ಟು ಹಳತಾದಂತೆ ಜಿಗುಟು ಹೋಗುತ್ತದೆ, ಸ್ವಲ್ಪ ಕಹಿಯೂ ಬರುತ್ತದೆ. ನಮ್ಮ ಕಡೆ ಯಾವ ಮನೆಯಲ್ಲೂ ಎರಡು ತಿಂಗಳಿಗೆ ಆಗುವಷ್ಟು ಹಿಟ್ಟು ಬೀಸಿಸಿ ಇಡುವುದಿಲ್ಲ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಡಬ್ಬಿ ಹಿಡಿದು ಗಿರಣಿಗೆ ಹೋಗುತ್ತಾರೆ. ಅದು ಸುಮ್ನೆ ಬಂದ ರೂಢಿಯಲ್ಲ. ಪ್ಯಾಕೆಟ್ ಹಿಟ್ಟು ಯಾವಾಗ ಬೀಸಿದ್ದೋ, ಅಂಗಡಿಯಲ್ಲಿ ಎಷ್ಟು ದಿನ ಕೂತಿತ್ತೋ. ಆದ್ದರಿಂದ ಜೋಳವನ್ನೇ ಊರಿನಿಂದ ತರಿಸು. ಹಿಂಗಾರಿ ಬಿಳಿಜೋಳ ಇರಲಿ, ಮಾಲದಂಡಿ ಸಿಕ್ಕರೆ ಬಹಳ ಒಳ್ಳೆಯದು. ಮಳೆಗಾಲದ ಹೈಬ್ರಿಡ್ ಜೋಳ ಬೇಡ. ಅದು ತೆನೆ ಕಟ್ಟುವ ಹೊತ್ತಿಗೆ ಮಳೆಗೆ ಸಿಕ್ಕು ಕಾಳು ಕಪ್ಪಾಗಿರುತ್ತದೆ, ರುಚಿಯೂ ಕಡಿಮೆ. ಹತ್ತು ಕೆಜಿ ಜೋಳ ಬಸ್ಸಿನಲ್ಲಿ ಹಾಕಿಸಿಕೊಂಡರೆ ನಿಮಗೆ ಮೂವರಿಗೆ ಒಂದು ತಿಂಗಳಿಗೆ ಹತ್ತಿರ ಬರುತ್ತದೆ. ಕಾಳು ಕೆಡುವುದಿಲ್ಲ, ಕೆಡುವುದು ಹಿಟ್ಟು. ನಿನ್ನ ರೂಮಿನ ಹತ್ತಿರ ಗಿರಣಿ ಇದ್ದೇ ಇರುತ್ತದೆ. ಒಂದು ಮಾತು ಮಾತ್ರ ನೆನಪಿಡು. ಅಲ್ಲಿ ರಾಗಿ, ಗೋಧಿ, ಅಕ್ಕಿ ಬೀಸುವುದು ಜಾಸ್ತಿ. ನಮ್ಮೂರಿನಲ್ಲಿ ಹೆಣ್ಣುಮಕ್ಕಳು ಜೋಳದ ಮೇಲೆ ಜೋಳ ಹಾಕಿಸಬೇಕು ಅಂತ ಗಿರಣಿ ಮುಂದೆ ಕಾಯುತ್ತಾ ನಿಲ್ಲುತ್ತಾರಲ್ಲ, ಅಲ್ಲಿ ಆ ಅನುಕೂಲ ಇಲ್ಲ. ಮೊದಲು ಬೀಳುವ ಒಂದೆರಡು ಹಿಡಿ ಹಿಟ್ಟನ್ನು ಬೇರೆ ತೆಗೆದಿಡು ಅಂತ ಗಿರಣಿಯವರಿಗೆ ಹೇಳು, ಅದನ್ನು ದೋಸೆಗೆ ಬಳಸು.

ಈಗ ಕಲಸುವುದು. ಎರಡು ಬಟ್ಟಲು ಹಿಟ್ಟಿಗೆ ಸುಮಾರು ಒಂದೂವರೆ ಬಟ್ಟಲು ನೀರು. ನೀರು ಚೆನ್ನಾಗಿ ಕುದಿಯಲಿ, ಮೇಲೆ ಗುಳ್ಳೆ ಏಳಲಿ. ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಹೊಯ್ದು, ಚಮಚದಿಂದ ಕೂಡಿಸಿ, ಮುಚ್ಚಿ ಐದು ನಿಮಿಷ ಬಿಡು. ಕೈ ತಡೆಯುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದು. ಒಂದು ರೊಟ್ಟಿಗೆ ಆಗುವಷ್ಟು ಹಿಟ್ಟನ್ನು ಆಗಲೇ ಇನ್ನೊಮ್ಮೆ ನಾದಿಕೊಂಡು ಉಂಡೆ ಮಾಡು. ಎಲ್ಲ ಉಂಡೆಗಳನ್ನೂ ಒಮ್ಮೆಗೇ ಮಾಡಿಟ್ಟರೆ ಕಡೆಯ ಎರಡು ಬಿರುಕು ಬಿಟ್ಟೇ ಬಿಡುತ್ತವೆ. ಒಣಹಿಟ್ಟು ಹಚ್ಚಿ ತಟ್ಟು. ತಟ್ಟಲು ಬರಲಿಲ್ಲ ಅಂದರೆ ಲಟ್ಟಣಿಗೆಯಿಂದ ಲಟ್ಟಿಸು. ಲಟ್ಟಿಸಿದ್ದು ರೊಟ್ಟಿಯೇ ಅಲ್ಲ ಅನ್ನುವವರ ಮಾತು ಕೇಳಬೇಡ, ರಾತ್ರಿ ಹತ್ತಕ್ಕೆ ಕೆಲಸದಿಂದ ಬಂದು ರೊಟ್ಟಿಗೆ ಕೂಡುವ ಹುಡುಗನಿಗೆ ಯಾವ ದಾರಿಯೂ ಸರಿಯೇ. ಆದರೆ ಮೈದಾ ಬೆರೆಸಬೇಡ. ಬೆರೆಸಿದರೆ ರೊಟ್ಟಿ ಹರಿಯುವುದಿಲ್ಲ ನಿಜ, ಆದರೆ ನೀನು ಹುಡುಕುತ್ತಿರುವ ರುಚಿ ಅದರಲ್ಲಿ ಇರುವುದಿಲ್ಲ. ಹಂಚು ಚೆನ್ನಾಗಿ ಕಾದಿರಲಿ. ರೊಟ್ಟಿ ಹಾಕಿದ ತಕ್ಷಣ ಮೇಲುಗಡೆ ಒದ್ದೆ ಬಟ್ಟೆಯಿಂದ ನೀರು ಸವರು, ಆ ನೀರು ಆರುವ ಹೊತ್ತಿಗೆ ತಿರುವಿ ಹಾಕು.

ಮೊದಲ ಭಾನುವಾರ ಬರುವುದಿಲ್ಲ. ಮೂರನೆಯ ಭಾನುವಾರ ಒಂದು ರೊಟ್ಟಿ ಉಬ್ಬುತ್ತದೆ. ಅವತ್ತು ಊರಿಗೆ ಫೋನ್ ಮಾಡಿ ಹೇಳು, ಅವ್ವ ಅದನ್ನು ಕೇಳಲು ಕಾಯುತ್ತಿರುತ್ತಾಳೆ.

ಮೇಡಂ, ನಾನು ಧಾರವಾಡದಲ್ಲಿ ಕಾಲೇಜು ಉಪನ್ಯಾಸಕ. ಸಹೋದ್ಯೋಗಿ ಒಬ್ಬರು "ಫೇಡೆ ನಿಮ್ಮದೇನಲ್ಲ, ಉತ್ತರ ಪ್ರದೇಶದ್ದು. ಸಾವಜಿ ಊಟವೂ ಹೊರಗಿನದು. ಹುಬ್ಬಳ್ಳಿ-ಧಾರವಾಡದ್ದು ಅಂತ ನಿಮಗೆ ಇರುವುದಾದರೂ ಏನು?" ಅಂದರು. ಉತ್ತರ ಹೊಳೆಯಲಿಲ್ಲ, ಮನಸ್ಸಿಗೆ ಬೇಜಾರಾಯಿತು. ಅವರು ಹೇಳಿದ್ದು ನಿಜವೇ?

ಅವರು ಹೇಳಿದ ಸಂಗತಿ ನಿಜ. ಅದರಿಂದ ಬೇಜಾರು ಮಾಡಿಕೊಳ್ಳುವುದು ಬೇಡ. ಫೇಡೆ ಮಾಡಲು ಶುರುಮಾಡಿದ ಠಾಕೂರ್ ಮನೆತನದವರು ಉತ್ತರ ಪ್ರದೇಶದ ಉನ್ನಾವ್ ಕಡೆಯವರು. 19ನೇ ಶತಮಾನದಲ್ಲಿ ಪ್ಲೇಗಿಗೆ ಹೆದರಿ ಊರು ಬಿಟ್ಟು ಧಾರವಾಡಕ್ಕೆ ಬಂದರು. ಹೊಟ್ಟೆಪಾಡಿಗೆ ತಮಗೆ ಗೊತ್ತಿದ್ದ ಸಿಹಿ ಮಾಡಿ ಮಾರಿದರು. ಆದರೆ ಇದನ್ನು ನೋಡಿ. ಮಥುರೆಯ ಪೇಡೆ ಬೇರೆ, ನಮ್ಮದು ಬೇರೆ. ಇಲ್ಲಿ ಅವರಿಗೆ ಸಿಕ್ಕಿದ್ದು ಈ ಸೀಮೆಯ ಎಮ್ಮೆ ಹಾಲು. ಧಾರವಾಡಿ ಎಮ್ಮೆ ಅಂತಲೇ ಒಂದು ತಳಿ ಇದೆ, ಈಗ ದೇಶದ ಎಮ್ಮೆ ತಳಿಗಳ ಪಟ್ಟಿಯಲ್ಲೂ ಸೇರಿದೆ. ಆ ಹಾಲಿನ ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿದು ಹುರಿದು, ಮೇಲೆ ಸಕ್ಕರೆ ಪುಡಿ ಹೊರಳಿಸಿ ಕೊಟ್ಟರು. ಲೈನ್ ಬಜಾರಿನಲ್ಲಿ ಜನ ಸಾಲು ನಿಂತು ಕೊಂಡರು. ಇವತ್ತು ಅದಕ್ಕೆ ಧಾರವಾಡದ ಹೆಸರಿನಲ್ಲೇ ಜಿಐ ಟ್ಯಾಗ್ ಇದೆ. ಉನ್ನಾವ್‌ಗೆ ಹೋಗಿ ಧಾರವಾಡ ಫೇಡೆ ಕೇಳಿದರೆ ಸಿಗುತ್ತದೆಯೇ? ಬಂದವರು ಕೈಗುಣ ತಂದರು, ಹಾಲು ಇಲ್ಲಿಯದು, ತಿಂದು ಬೆಳೆಸಿದ ನಾಲಿಗೆ ಇಲ್ಲಿಯದು.

ಸಾವಜಿ ಊಟವೂ ಹಾಗೆಯೇ. ಅದು ಎಸ್‌ಎಸ್‌ಕೆ, ಅಂದರೆ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಊಟ. ಆ ಸಮಾಜದ ಹಿರಿಯರು ತಮ್ಮ ಮೂಲ ಮಧ್ಯಪ್ರದೇಶದ ಮಾಂಡವಗಡ ಅಂತ ಹೇಳುತ್ತಾರೆ. ನೇಕಾರಿಕೆ ಮಾಡುತ್ತಾ ದಕ್ಷಿಣಕ್ಕೆ ಬಂದವರು ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ನೆಲೆ ನಿಂತರು. ಮನೆಯಲ್ಲಿ ಇವತ್ತಿಗೂ ಅವರದೇ ಮಾತು, ಕಿವಿಗೊಟ್ಟು ಕೇಳಿದರೆ ಗುಜರಾತಿಯೂ ಮರಾಠಿಯೂ ಕೂಡಿದಂತೆ ಕೇಳುತ್ತದೆ. ಆದರೆ ಅವರ ಮಟನ್ ಸಾರಿನ ಆ ಕೆಂಪು, ಆ ಖಾರ, ಜೊತೆಗೆ ಬರುವ ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ಇವೆಲ್ಲ ಈ ನೆಲದವು. ಹುಬ್ಬಳ್ಳಿಯ ಹುಡುಗ ಎಲ್ಲಿಗೇ ಹೋದರೂ "ಸಾವಜಿ ಎಲ್ಲಿ ಸಿಗುತ್ತದೆ" ಅಂತ ಕೇಳುತ್ತಾನೆ. ಅವನ ಮಟ್ಟಿಗೆ ಅದು ಊರಿನ ಊಟ, ಅಷ್ಟೇ.

ನಿಮ್ಮ ಸಹೋದ್ಯೋಗಿಯನ್ನು ಒಮ್ಮೆ ಊಟಕ್ಕೆ ಕರೆಯಿರಿ. ತಾಟಿನಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಮಡಕಿಕಾಳಿನ ಪಲ್ಯ ಬಡಿಸಿ. ಬಡಿಸುತ್ತಾ ಒಂದೊಂದರ ಊರು ಹೇಳಿ. ಜೋಳ ಆಫ್ರಿಕಾದಿಂದ ಬಂದದ್ದು, ಸಾವಿರಾರು ವರ್ಷಗಳ ಹಿಂದೆ. ಗುರೆಳ್ಳಿನ ತವರು ಇಥಿಯೋಪಿಯಾ. ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯೂ ಅಮೆರಿಕ ಖಂಡದ್ದು, ಅದನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಅವರು ಗೋವಾವನ್ನು ಹಿಡಿದದ್ದು 1510ರಲ್ಲಿ, ಗೋವಾ ನಮಗೆ ಎಷ್ಟು ದೂರ ಹೇಳಿ? ನಾವು ಆಲೂಗಡ್ಡೆಗೆ ಬಟಾಟಿ ಅನ್ನುತ್ತೇವಲ್ಲ, ಆ ಮಾತು ಪೋರ್ಚುಗೀಸರ ಬಾಯಿಂದ ಬಂದದ್ದೇ. ಇಡೀ ತಾಟಿನಲ್ಲಿ ಈ ದೇಶದಲ್ಲೇ ಹುಟ್ಟಿದವು ಅಂದರೆ ಬದನೆಕಾಯಿ ಮತ್ತು ಮಡಕಿಕಾಳು! ಬ್ಯಾಡಗಿ ಮೆಣಸಿನಕಾಯಿ ನೋಡಿ. ಹೊರಗಿನಿಂದ ಬಂದ ಗಿಡ ಹಾವೇರಿಯ ಮಣ್ಣಿನಲ್ಲಿ ನೂರಾರು ವರ್ಷ ಬೆಳೆದು, ಖಾರ ಕಡಿಮೆ ಮಾಡಿಕೊಂಡು, ಬಣ್ಣ ಹೆಚ್ಚಿಸಿಕೊಂಡು, ಡಬ್ಬಿ, ಕಡ್ಡಿ ಅಂತ ತನ್ನದೇ ಜಾತಿ ಮಾಡಿಕೊಂಡಿತು. ಅದನ್ನು ಹೊರಗಿನದು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೂ ಒಂದು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು, ಸದರ್ನ್ ಮರಾಠಾ ರೈಲ್ವೆಯ ವರ್ಕ್‌ಶಾಪ್ ಬಂತು. ಅದರ ಹಿಂದೆಯೇ ತಮಿಳರು, ತೆಲುಗರು, ಆಂಗ್ಲೋ ಇಂಡಿಯನ್ನರು ಬಂದರು. ವ್ಯಾಪಾರಕ್ಕೆ ಮಾರವಾಡಿಗಳು, ಗುಜರಾತಿಗಳು ಬಂದರು. ಹೋಟೆಲ್ ಇಡಲು ಉಡುಪಿ ಕಡೆಯವರು ಬಂದರು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದ ಮೇಲೆ ಹಳ್ಳಿಯ ಹುಡುಗರು ಓದಲು ಬಂದರು, ಅವರಿಗೆ ಊಟ ಹಾಕಲು ಖಾನಾವಳಿಗಳು ಬೇಕಾದವು. ಖಾನಾವಳಿ ಅನ್ನುವ ಮಾತೂ ಮರಾಠಿಯ ಕಡೆಯಿಂದ ಬಂದದ್ದು. ಇವರನ್ನೆಲ್ಲ ಬಿಟ್ಟು ಹುಬ್ಬಳ್ಳಿಯ ಊಟದ ಬಗ್ಗೆ ಮಾತಾಡಲು ಆಗುವುದಿಲ್ಲ. ನಿಮ್ಮ ಸಹೋದ್ಯೋಗಿಗೆ ಹೇಳಿ, ಬಂದದ್ದನ್ನು ಉಂಡು, ನಮ್ಮ ಖಾರ ಬೆರೆಸಿ, ಮತ್ತೆ ಬಡಿಸಿದ್ದೇ ನಮ್ಮದು.

ಅಕ್ಕ, ನಾನು ಕುಂದಾಪುರದವಳು. ಮದುವೆಯಾಗಿ ಧಾರವಾಡಕ್ಕೆ ಬಂದು ಒಂದು ವರ್ಷ. ಎಲ್ಲರೂ ಒಳ್ಳೆಯವರು. ಆದರೆ ನನಗೆ ಕುಚ್ಚಲಕ್ಕಿ ಗಂಜಿ ಬೇಕು ಅನ್ನಿಸಿದಾಗ ಅತ್ತೆ "ಯಾಕವ್ವಾ, ಜ್ವರ ಬಂದಾವೇನು?" ಅಂತ ಹಣೆ ಮುಟ್ಟಿ ನೋಡುತ್ತಾರೆ. ಒಮ್ಮೆ ಕುಕ್ಕರಿನಲ್ಲಿ ಮಾಡಿದೆ, ಅಕ್ಕಿ ಬೇಯಲೇ ಇಲ್ಲ. ಮನೆಯವರ ಮುಂದೆ ಅಳು ಬಂತು.

ತಂಗೀ, ನಿನ್ನ ಪತ್ರ ಓದಿ ನನಗೆ ನನ್ನ ಮೊದಲ ವರ್ಷ ನೆನಪಾಯಿತು. ಅದನ್ನು ಮುಂದಿನ ಉತ್ತರದಲ್ಲಿ ಹೇಳುತ್ತೇನೆ. ಮೊದಲು ಅಕ್ಕಿಯ ಮಾತು.

ಕುಚ್ಚಲಕ್ಕಿ ಅಂದರೆ ಭತ್ತವನ್ನೇ ಒಮ್ಮೆ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡಿದ್ದು. ಹಾಗೆ ಒಮ್ಮೆ ಬೆಂದು ಒಣಗಿದ ಕಾಳು ಗಟ್ಟಿಯಾಗುತ್ತದೆ. ಇಲ್ಲಿಯ ಬೆಳತಿಗೆ ಅಕ್ಕಿಯ ಲೆಕ್ಕದಲ್ಲಿ ಮೂರು ಸೀಟಿ ಹೊಡೆಸಿದರೆ ಬೇಯುವುದೇ ಇಲ್ಲ. ಅಕ್ಕಿಯನ್ನು ಒಂದು ಗಂಟೆಯಾದರೂ ನೆನೆಹಾಕು. ಒಂದು ಲೋಟ ಅಕ್ಕಿಗೆ ಆರು ಲೋಟ ನೀರು, ದೊಡ್ಡ ಕುಕ್ಕರ್. ಒಂದು ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ ಅರ್ಧ ಗಂಟೆ ಬಿಡು, ಆಮೇಲೆ ಅದರ ಪಾಡಿಗೆ ಆರಲಿ. ಅವಸರದಲ್ಲಿ ಸೀಟಿ ಎತ್ತಬೇಡ, ಒಳಗಿನ ಬಿಸಿಯಲ್ಲೇ ಅದು ಪೂರ್ತಿ ಅರಳುವುದು. ಅಕ್ಕಿಗೆ, ತೆಂಗಿನ ಎಣ್ಣೆಗೆ ಊರಿನಿಂದಲೇ ತರಿಸಬೇಕು ಅಂತಿಲ್ಲ. ಅವಳಿ ನಗರದಲ್ಲಿ ಕರಾವಳಿಯವರು ಬಹಳ ಜನ ಇದ್ದಾರೆ, ಅವರ ಹೋಟೆಲಿನಲ್ಲಿ ಒಮ್ಮೆ ಕೇಳು, ತಾವು ಅಕ್ಕಿ ಎಲ್ಲಿಂದ ತರುತ್ತೇವೆ ಅಂತ ಸಂತೋಷದಿಂದ ಹೇಳುತ್ತಾರೆ.

ಇನ್ನು ಅತ್ತೆಯ ಮಾತು. ಅವರಿಗೆ ಗಂಜಿ ಕಾಯಿಲೆಯವರ ಊಟ, ನಿನಗೆ ಅದು ತಾಯಿಮನೆ. ಇದನ್ನು ವಾದ ಮಾಡಿ ತಿಳಿಸಲು ಆಗುವುದಿಲ್ಲ, ಬಡಿಸಿ ತಿಳಿಸಬೇಕು. ಅವರ ಮನೆಯಲ್ಲಿ ಜೋಳದ ನುಚ್ಚು ಮಾಡುತ್ತಾರಾ ಕೇಳು. ಬೇಸಿಗೆಯ ಮಧ್ಯಾಹ್ನ ತಣ್ಣನೆಯ ನುಚ್ಚಿಗೆ ಮಜ್ಜಿಗೆ ಕಲಸಿ, ಹಸಿ ಉಳ್ಳಾಗಡ್ಡಿ ಕಚ್ಚಿಕೊಂಡು ಉಣ್ಣುವ ಸುಖ ಅವರಿಗೆ ಗೊತ್ತಿರುತ್ತದೆ. ನಿನ್ನ ಗಂಜಿ ಅದರ ಅಕ್ಕನೋ ತಂಗಿಯೋ, ಅಷ್ಟೇ. ಏಪ್ರಿಲ್ ಬರಲಿ. ಒಂದು ಮಧ್ಯಾಹ್ನ ಎರಡೂ ಮಾಡಿ ಇಡು. ನಿನ್ನ ಗಂಜಿಗೆ ಅವರ ಕೆಂಪು ಮೆಣಸಿನಕಾಯಿ ರಂಜಕ ನೆಂಚಿಕೊಂಡು ನೋಡು, ಅವರ ನುಚ್ಚಿಗೆ ನಿನ್ನ ಊರಿನ ಮಿಡಿ ಉಪ್ಪಿನಕಾಯಿ ಹಾಕು. ನಾನು ಎರಡನ್ನೂ ಉಂಡಿದ್ದೇನೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಮತ್ತೆ, ಗಂಜಿ ಬೇಕು ಅನ್ನಿಸಿ ಅಳು ಬಂದರೆ ಅದು ಸಣ್ಣತನ ಅಂತ ತಿಳಿಯಬೇಡ. ಹೊಸ ಮನೆಯಲ್ಲಿ ಎಲ್ಲರೂ ಒಳ್ಳೆಯವರಿದ್ದರೂ ಹಸಿವು ಮಾತ್ರ ಹಳೆಯ ಮನೆಯದೇ ಇರುತ್ತದೆ. ನಿನ್ನ ಗಂಡನಿಗೂ ಇದನ್ನು ಬಿಡಿಸಿ ಹೇಳು. ವಾರಕ್ಕೊಮ್ಮೆ ಆ ಕುಕ್ಕರ್ ಇಡುವುದು ಅವರೇ ಕಲಿಯಲಿ.

ನಮಸ್ಕಾರ. ಹುಬ್ಬಳ್ಳಿಯಲ್ಲಿ ನಮ್ಮ ಸ್ವಂತ ಮನೆ. ನಾವು ಲಿಂಗಾಯತರು, ಮನೆಯಲ್ಲಿ ಮೊಟ್ಟೆಯನ್ನೂ ತರುವುದಿಲ್ಲ. ಮಹಡಿಯ ಮೇಲಿನ ರೂಮನ್ನು ಅಸ್ಸಾಮಿನ ಮೂವರು ಹುಡುಗರಿಗೆ ಬಾಡಿಗೆ ಕೊಟ್ಟಿದ್ದೇವೆ, ಹೋಟೆಲಿನಲ್ಲಿ ಕೆಲಸ ಮಾಡುತ್ತಾರೆ. ಮಾತು ಮೆತ್ತಗೆ, ಬಾಡಿಗೆ ಸರಿಯಾಗಿ ಕೊಡುತ್ತಾರೆ. ಮಾಂಸ ಬೇಯಿಸುವುದಿಲ್ಲ ಅಂತ ಮೊದಲೇ ಒಪ್ಪಿಕೊಂಡಿದ್ದಾರೆ, ಆ ಮಾತಿನಂತೆ ನಡೆಯುತ್ತಲೂ ಇದ್ದಾರೆ. ಆದರೆ ರಾತ್ರಿ ಅಡುಗೆ ಮಾಡಿದರೆ ಸಾಸಿವೆ ಎಣ್ಣೆಯ ಘಾಟು, ಮತ್ತೆ ಏನೋ ಹುಳಿ ವಾಸನೆ. ಬಿಡಿಸಿಬಿಡೋಣ ಅಂತ ಮನೆಯವರು ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಏನು ಮಾಡಲಿ?

ನಿಮಗೆ ಮನಸ್ಸಿಲ್ಲ ಅಂದಿರಲ್ಲ, ಆ ಮನಸ್ಸನ್ನೇ ಗಟ್ಟಿಮಾಡಿಕೊಳ್ಳಿ ಅಂತ ಹೇಳಲು ಈ ಉತ್ತರ.

ಮದುವೆಯಾದ ಹೊಸದರಲ್ಲಿ ನಾವು ಬೆಂಗಳೂರಿನಲ್ಲಿ ಒಂದು ಮನೆಯ ಹಿಂದಿನ ಎರಡು ಕೋಣೆಯಲ್ಲಿ ಬಾಡಿಗೆಗೆ ಇದ್ದೆವು. ಒಂದು ದಿನ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹುರಿದು ಖಾರ ಕುಟ್ಟುತ್ತಿದ್ದೆ. ಮನೆಯೊಡತಿ ಕೆಮ್ಮುತ್ತಾ ಬಂದು, "ನಿಮ್ಮ ಕಡೆಯವರು ಇದನ್ನೆಲ್ಲ ಮಾಡುವುದಾದರೆ ಬೇರೆ ಮನೆ ನೋಡಿಕೊಳ್ಳಿ" ಅಂದರು. ನಾನು ಒಲೆ ಆರಿಸಿದೆ. ಆರು ತಿಂಗಳು ಆ ಮನೆಯಲ್ಲಿ ಖಾರ ಕುಟ್ಟಲಿಲ್ಲ. ಸಾರು, ಹುಳಿ, ಅನ್ನ. ಒಳ್ಳೆಯ ಊಟವೇ. ಆದರೆ ಪ್ರತಿ ಊಟದಲ್ಲೂ ನಾನು ಬೇರೆಯವರ ಮನೆಯಲ್ಲಿ ಇದ್ದೇನೆ ಅನ್ನಿಸುತ್ತಿತ್ತು. ಮುಂದೆ ಪಕ್ಕದ ಮನೆಯ ತಮಿಳು ಅಜ್ಜಿಯೊಬ್ಬರು "ನನ್ನ ಅಡುಗೆಮನೆಗೆ ಬಂದು ಕುಟ್ಟಿಕೋ" ಅಂದರು. ಅವರ ಒರಳಿನಲ್ಲಿ ಕುಟ್ಟಿದ ಖಾರವನ್ನು ಅವರಿಗೂ ಒಂದು ಬಟ್ಟಲು ಕೊಟ್ಟೆ. ಅವರು ಅದನ್ನು ಇಡ್ಲಿಗೆ ಹಚ್ಚಿಕೊಂಡು ತಿಂದರು. ನಲವತ್ತು ವರ್ಷದ ಹತ್ತಿರ ಆಯಿತು, ಆ ಅಜ್ಜಿಯ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಈಗ ನಿಮ್ಮ ಮನೆಯ ವಾಸನೆ. ಸಾಸಿವೆ ಎಣ್ಣೆಯನ್ನು ಅವರು ಹೊಗೆ ಬರುವವರೆಗೆ ಕಾಯಿಸುತ್ತಾರೆ, ಹಾಗೆ ಕಾಯಿಸಿದರೇನೇ ಅದರ ಹಸಿ ಘಾಟು ಕಡಿಮೆಯಾಗುವುದು. ನಿಮಗೆ ಕೆಳಗೆ ಬರುತ್ತಿರುವುದು ಆ ಮೊದಲ ಐದು ನಿಮಿಷದ ಹೊಗೆ. ಹುಳಿ ವಾಸನೆ ಬಹುಶಃ ಬಿದಿರಿನ ಮೊಳಕೆಯದು, ಅವರು ಅದಕ್ಕೆ ಖೊರಿಸಾ ಅನ್ನುತ್ತಾರೆ, ಹುಳಿ ಬರಿಸಿ ಇಟ್ಟುಕೊಳ್ಳುತ್ತಾರೆ. ಅಂದರೆ ನಮ್ಮ ಕಳಲೆ! ಹಾನಗಲ್ ಕಡೆಯವರನ್ನು, ಮಲೆನಾಡಿನವರನ್ನು ಕೇಳಿ, ಮಳೆಗಾಲದಲ್ಲಿ ಕಳಲೆ ಪಲ್ಯ ಅಂದರೆ ಎಷ್ಟು ಆಸೆಪಡುತ್ತಾರೆ ಅಂತ. ಶುದ್ಧ ಸಸ್ಯಾಹಾರ. ನಿಮ್ಮ ಮನೆಯ ನೇಮಕ್ಕೆ ಅದರಿಂದ ಏನೂ ಆಗುವುದಿಲ್ಲ.

ಮಾಡಬೇಕಾದ್ದು ಎರಡೇ. ಮೇಲಿನ ಅಡುಗೆ ಕಟ್ಟೆಯ ಹತ್ತಿರ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಅದರ ಖರ್ಚು ನೀವೇ ಹಾಕಿ, ಮನೆ ನಿಮ್ಮದು, ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಎಣ್ಣೆ ಕಾಯಿಸುವಾಗ ಮೆಟ್ಟಿಲ ಕಡೆಯ ಬಾಗಿಲು ಮುಚ್ಚಿ, ಹೊರಗಿನ ಕಿಟಕಿ ತೆರೆಯಿರಿ ಅಂತ ಹುಡುಗರಿಗೆ ಹೇಳಿ. ಬೈಯ್ಯುವ ದನಿಯಲ್ಲಿ ಬೇಡ, ಮಕ್ಕಳಿಗೆ ಹೇಳುವ ಹಾಗೆ ಹೇಳಿ. ಕೇಳುತ್ತಾರೆ.

ಆಮೇಲೆ ಒಂದು ವಿಷಯ ಯೋಚನೆ ಮಾಡಿ. ಆ ಹುಡುಗರು ಬೆಳಗಿನಿಂದ ರಾತ್ರಿಯವರೆಗೆ ನಿಂತು ನಮ್ಮ ಊರಿನವರಿಗೆ ಬೇಕಾದದ್ದನ್ನು ಮಾಡಿ ಬಡಿಸುತ್ತಾರೆ. ದೋಸೆ, ಗೋಬಿ ಮಂಚೂರಿ, ಪನೀರ್ ಮಸಾಲಾ. ಅದರಲ್ಲಿ ಅವರ ಅಮ್ಮ ಮಾಡುವ ಅಡುಗೆ ಒಂದೂ ಇಲ್ಲ. ಹನ್ನೊಂದು ಗಂಟೆಗೆ ರೂಮಿಗೆ ಬಂದು ಅನ್ನ ಇಟ್ಟು, ಆ ಎಣ್ಣೆ ಕಾಯಿಸಿದಾಗಲೇ ಅವರ ದಿನದಲ್ಲಿ ಮನೆ ಅಂತ ಒಂದು ಬರುವುದು. ಅದನ್ನು ಬಿಡಿಸಲು ನಿಮಗೆ ಮನಸ್ಸು ಬರಲಿಲ್ಲ, ಬಹಳ ಒಳ್ಳೆಯ ಮನಸ್ಸು ನಿಮ್ಮದು.

ಜನವರಿಯಲ್ಲಿ ಸಂಕ್ರಾಂತಿಗೆ ನೀವು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಾದಲಿ ಮಾಡುತ್ತೀರಿ ಅಲ್ವಾ? ಅದೇ ದಿನಗಳಲ್ಲಿ ಅವರಿಗೆ ಮಾಘ ಬಿಹು. ಅವರೂ ಎಳ್ಳು-ಬೆಲ್ಲದ ಉಂಡಿ ಕಟ್ಟುತ್ತಾರೆ, ಅಕ್ಕಿಹಿಟ್ಟಿನ ತೆಳು ಪದರದೊಳಗೆ ಎಳ್ಳು-ಬೆಲ್ಲ ತುಂಬಿ ಸುರುಳಿ ಸುತ್ತಿ ಪಿಠಾ ಮಾಡುತ್ತಾರೆ. ಒಂದು ತಾಟು ಮೇಲೆ ಕಳಿಸಿ. ನಮ್ಮ ಕಡೆ ಯಾರ ಮನೆಯ ತಾಟೂ ಖಾಲಿ ವಾಪಸ್ ಬರುವುದಿಲ್ಲ, ಅಲ್ಲಿಯೂ ಹಾಗೆಯೇ ಅಂತ ನನ್ನ ನಂಬಿಕೆ.

ನಾನು ಪಿಯುಸಿ ವಿದ್ಯಾರ್ಥಿನಿ, ಹುಬ್ಬಳ್ಳಿ. ಈಗ ಎಲ್ಲಿ ನೋಡಿದರೂ ಮೊಮೊ ಗಾಡಿ. ನಮ್ಮ ಅಜ್ಜ "ಇನ್ನು ಗಿರ್ಮಿಟ್ ಮುಗೀತು" ಅಂತಾರೆ. ಹೌದಾ ಆಂಟಿ?

ಇಲ್ಲ ಪುಟ್ಟಿ. ಮೊಮೊ ಇಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ನಮ್ಮ ಪಕ್ಕದ ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ಕ್ಯಾಂಪ್ ಇದೆ. ದೇಶವನ್ನೇ ಬಿಟ್ಟು ಬಂದ ಜನ ಅವರು. ಅಜ್ಜನನ್ನು ಕೇಳು, ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ಅವರ ಹತ್ತಿರ ಸ್ವೆಟರ್ ಕೊಂಡಿರುತ್ತಾರೆ. ಅವರ ಕ್ಯಾಂಪಿಗೆ ಹೋಗಿ ಒಮ್ಮೆ ಥುಕ್ಪಾ ಕುಡಿದು ಬಾ. ಬಿಸಿ ಸಾರಿನಲ್ಲಿ ಶ್ಯಾವಿಗೆಯಂಥದ್ದು, ತರಕಾರಿ, ಮಳೆಗಾಲಕ್ಕೆ ಅದರಷ್ಟು ಹಿತ ಬೇರೆ ಇಲ್ಲ.

ಗಿರ್ಮಿಟ್ ಯಾಕೆ ಮುಗಿಯುವುದಿಲ್ಲ ಅಂದರೆ ಅದನ್ನು ಆ ಕ್ಷಣಕ್ಕೆ ಕಲಸಿ ಆ ಕ್ಷಣಕ್ಕೆ ತಿನ್ನಬೇಕು, ಪ್ಯಾಕೆಟ್ಟಿನಲ್ಲಿ ಬರುವ ಮಾಲಲ್ಲ. ಅಜ್ಜನಿಗೆ ನೀನೇ ಮಾಡಿಕೊಡು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಟೊಮೆಟೊ ಒಗ್ಗರಣೆಯಲ್ಲಿ ಬಾಡಿಸಿ, ಅರಿಶಿನ, ಹುಣಸೆರಸ, ಚೂರು ಬೆಲ್ಲ ಹಾಕಿ ಗೊಜ್ಜು ಕುದಿಸು. ಗೊಜ್ಜು ಪೂರ್ತಿ ಆರಲಿ, ಬಿಸಿ ಇದ್ದರೆ ಚುರುಮುರಿ ಮೆತ್ತಗಾಗುತ್ತದೆ. ಅಜ್ಜ ತಾಟು ಹಿಡಿದು ಕೂತ ಮೇಲೆ ಚುರುಮುರಿಗೆ ಗೊಜ್ಜು, ಪುಟಾಣಿ ಹಿಟ್ಟು ಹಾಕಿ ಕಲಸು. ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಜೊತೆಗೆ ಮಿರ್ಚಿ ಬಜ್ಜಿ ದುರ್ಗದಬೈಲಿನಿಂದ ತಂದರೆ ತಪ್ಪಿಲ್ಲ.

ಅವ್ವಾರೆ, ನಾವು ಹಾವೇರಿ ಜಿಲ್ಲೆಯ ಹಳ್ಳಿಯವರು. ಮಗಳು ಪುಣೆಯಲ್ಲಿ ನೌಕರಿ ಮಾಡುತ್ತಾಳೆ. ತಿಂಗಳಿಗೊಮ್ಮೆ ಬುತ್ತಿ ಕಳಿಸುತ್ತೇನೆ. ರೊಟ್ಟಿ ಪುಡಿಯಾಗಿ ಹೋಗುತ್ತವೆ, ಶೇಂಗಾ ಹಿಂಡಿ ಕಮಟು ವಾಸನೆ ಬರುತ್ತದೆ ಅಂತಾಳೆ. ಚಲೋ ಇರೋ ಹಾಗೆ ಕಳಿಸೋದು ಹೆಂಗ?

ತಾಯಿ, ಖಡಕ್ ರೊಟ್ಟಿ ಕೆಡದೆ ಉಳಿಯುವುದು ಅದರಲ್ಲಿ ನೀರಿನ ಪಸೆ ಇಲ್ಲದ್ದಕ್ಕೆ. ಹಂಚಿನ ಮೇಲೆ ಬೇಯಿಸಿದ ಮೇಲೆ ಬಿಸಿಲಿಗೋ ಒಲೆಯ ಬದಿಗೋ ಒರಗಿಸಿ ಪೂರ್ತಿ ಒಣಗಿಸಿ. ಬಿಸಿ ಇರುವಾಗ ಕಟ್ಟಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಪುಡಿಯಾಗದಿರಲು ಅಗಲ ಸ್ವಲ್ಪ ಕಡಿಮೆ ಮಾಡಿ, ನಿಮ್ಮ ಸ್ಟೀಲ್ ಡಬ್ಬಿಯ ಬಾಯಿಗೆ ಸರಿಯಾಗಿ ಕೂಡುವಷ್ಟು. ಕೆಳಗೆ ಮೇಲೆ ಹಳೆಯ ಹತ್ತಿ ಬಟ್ಟೆ ಮಡಚಿ ಇಡಿ, ಡಬ್ಬಿಯೊಳಗೆ ರೊಟ್ಟಿ ಅಲುಗಾಡಬಾರದು. ಅಲುಗಾಡುವುದರಿಂದಲೇ ಅವು ಒಡೆಯುವುದು.

ಶೇಂಗಾದಲ್ಲಿ ಎಣ್ಣೆ ಜಾಸ್ತಿ. ಕುಟ್ಟಿದ ಮೇಲೆ ಆ ಎಣ್ಣೆಗೆ ಗಾಳಿ ತಾಗಿ ಕಮಟಾಗುತ್ತದೆ. ಒಂದೇ ದೊಡ್ಡ ಡಬ್ಬಿ ಬೇಡ. ವಾರಕ್ಕೊಂದರಂತೆ ನಾಲ್ಕು ಸಣ್ಣ ಪೊಟ್ಟಣ ಮಾಡಿ, ಗಾಳಿ ಹೊರಗೆ ಒತ್ತಿ ಕಟ್ಟಿ. ಒಂದನ್ನು ಹೊರಗೆ ಇಟ್ಟುಕೊಂಡು ಮೂರನ್ನು ಫ್ರಿಜ್ಜಿನಲ್ಲಿ ಇಡು ಅಂತ ಮಗಳಿಗೆ ಹೇಳಿ. ಬೆಳ್ಳುಳ್ಳಿಯನ್ನು ಹಸಿಯಾಗಿ ಕುಟ್ಟಬೇಡಿ, ಹುರಿದು ಪಸೆ ಆರಿಸಿ ಹಾಕಿ. ಗುರೆಳ್ಳು, ಅಗಸಿ ಹಿಂಡಿಗೂ ಇದೇ ಲೆಕ್ಕ. ಮತ್ತೆ, ಮೊಸರಿಗೆ ಹಾಕಿಕೊಳ್ಳುವ ಒಣಖಾರ ಅಂತ ಮೆಣಸಿನಪುಡಿಯನ್ನೂ ಒಂದು ಪೊಟ್ಟಣ ಇಡಿ, ಬ್ಯಾಡಗಿಯದೇ ಇರಲಿ. ಪುಣೆಯಲ್ಲಿ ಅವಳ ರೂಮಿನ ಗೆಳತಿಯರೂ ಕೇಳುತ್ತಾರೆ, ಆದ್ದರಿಂದ ಎಲ್ಲವನ್ನೂ ಒಂದು ಹಿಡಿ ಜಾಸ್ತಿಯೇ ಹಾಕಿ.

ಪ್ರತಿ ಪೊಟ್ಟಣದ ಮೇಲೆ ಕುಟ್ಟಿದ ತಾರೀಕು ಬರೆಯಿರಿ. ನಿಮ್ಮ ಕೈಯಿಂದಲೇ ಬರೆಯಿರಿ.